ಬೇಲಿಯಿಂದ ತೊಂಬತ್ತಾರು ಮೀಟರ್

ಅಳತೆಯ ದಿನ ಟೇಪಿನ ಸೊನ್ನೆಯ ತುದಿ ನನ್ನ ಕೈಯಲ್ಲಿತ್ತು. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳಬೇಕಾದವನೂ ನಾನೇ. ಟೇಪನ್ನು ಅಲ್ಲಲ್ಲಿ ಸ್ವಲ್ಪ ಸಡಿಲ ಬಿಟ್ಟಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಅದರಿಂದ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಆಗಿರಲಾರದು.

ನನ್ನ ಅಕ್ಕನ ಮನೆ ಸೊರಬದ ಕಡೆಯ ಒಂದು ಊರಿನಲ್ಲಿದೆ. ಊರ ನಡುವೆ ಹಳೆಯ ಕಲ್ಲಿನ ದೇವಸ್ಥಾನ, ಅದರ ಸುತ್ತ ಪುರಾತತ್ವ ಇಲಾಖೆಯ ತಂತಿ ಬೇಲಿ, ಬೇಲಿಯ ಪಕ್ಕ ನೀಲಿ ಬೋರ್ಡು. ಬೇಲಿಯಿಂದ ನೂರು ಮೀಟರಿನೊಳಗೆ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ ಎಂದು ಬೋರ್ಡು ಹೇಳುತ್ತದೆ. ಅಕ್ಕನಿಗೆ ಬೇಕಾಗಿದ್ದದ್ದು ಒಂದು ಕಕ್ಕಸು, ಮಲಗುವ ಕೋಣೆಗೆ ತಾಗಿಕೊಂಡಂತೆ, ಹಿತ್ತಲ ಕಡೆಗೆ; ಉಳಿದ ಕಡೆ ಜಾಗವಿರಲಿಲ್ಲ. ಈಗಿರುವುದು ಹಿತ್ತಲ ಕೊನೆಯಲ್ಲಿ, ದೇವಸ್ಥಾನದ ದಿಕ್ಕಿಗೆ. ಬಾವಿ ದಾಟಿ, ಪಾಚಿ ಕಟ್ಟಿದ ಚಪ್ಪಡಿಗಳ ಮೇಲೆ ನನ್ನ ಹೆಜ್ಜೆಯಲ್ಲಿ ಐವತ್ತೆರಡು, ಅಕ್ಕನ ಹೆಜ್ಜೆಯಲ್ಲಿ ಎಪ್ಪತ್ತಕ್ಕೂ ಮೇಲೆ. ಹೋದ ಮಳೆಗಾಲದಲ್ಲಿ ಅವಳು ಅಲ್ಲೇ ಜಾರಿ ಮಂಡಿಚಿಪ್ಪು ಒಡೆದುಕೊಂಡಿದ್ದಳು. ಇನ್ನೊಂದು ಸಲ ಬಿದ್ದರೆ ಮತ್ತೆ ನಡೆಯುವ ಮಾತು ಬಿಡಿ ಎಂದು ಶಿಕಾರಿಪುರದ ಡಾಕ್ಟರು ಹೇಳಿದ್ದರು. ಆಗ ಏಪ್ರಿಲ್. ಮಳೆಗೆ ಹೆಚ್ಚೆಂದರೆ ಎರಡು ತಿಂಗಳಿತ್ತು.

ನಾನು ಶಿಕಾರಿಪುರದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತನಾದವನು. ಸಮಾಜ ಪಾಠ ಮಾಡುತ್ತಿದ್ದೆ. ಅಕ್ಕನ ಪರವಾಗಿ ಇಲಾಖೆಗೆ ಅರ್ಜಿ ಬರೆದುಕೊಟ್ಟವನು ನಾನೇ, ಸಹಿ ಅವಳದು. ಅಳತೆಗೆ ಬರುತ್ತಾರೆಂದು ತಿಳಿದು ಬೆಳಗಿನ ಬಸ್ಸಿಗೇ ಹೋದೆ.

ಬಂದ ಅಧಿಕಾರಿಗೆ ಮೂವತ್ತು ದಾಟಿರಲಿಲ್ಲ. ಅವರ ಬಳಿ ಇದ್ದದ್ದು ಮೂವತ್ತು ಮೀಟರಿನ ಟೇಪು, ದಪ್ಪ ಫೈಲು. ನಾನು ಬೇಲಿಗೆ ಸೊನ್ನೆಯನ್ನು ಒತ್ತಿ ಹಿಡಿದೆ, ಅವರು ಮೂವತ್ತಕ್ಕೆ ಸುಣ್ಣದಲ್ಲಿ ಗೆರೆ ಎಳೆದರು. ನಾನು ಸೊನ್ನೆಯನ್ನು ಆ ಗೆರೆಗೆ ತಂದೆ. ಎರಡನೇ ಮೂವತ್ತು ಮೀಟರಿಗೆ ಒಂದು ತೊಡಕು ಬಂತು. ನೇರ ಗೆರೆ ನೆರೆಮನೆಯ ಗೌಡರ ಮುಂಬಾಗಿಲಿನಿಂದ ಹೊಕ್ಕು, ನಡುಮನೆ ಹಾದು, ಹಿಂಬಾಗಿಲಿನಿಂದ ಅಕ್ಕನ ಹಿತ್ತಲಿಗೆ ಬರುತ್ತಿತ್ತು. ನಡುಮನೆಯಲ್ಲಿ ಗೌಡರು ಊಟಕ್ಕೆ ಕೂತಿದ್ದರು.

“ಅಲ್ರೀ, ಸಾರಿನ ಮೇಲೇ ಹೋಗ್ತೈತಲ್ರೀ ಇದು!” ಎಂದರು ಗೌಡರು.

“ಎರಡು ನಿಮಿಷ ತಟ್ಟೆ ಎತ್ತಿ ಹಿಡ್ಕಳ್ರಿ ಸರ್. ಟೇಪು ನೇರ ಇರ್ಬೇಕು.”

ಗೌಡರು ತಟ್ಟೆಯನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡರು. ಉಣ್ಣುವುದನ್ನು ಮಾತ್ರ ನಿಲ್ಲಿಸಲಿಲ್ಲ. ಟೇಪು ಅವರ ಹೊಟ್ಟೆಗೆ ತಗಲಿ ಸ್ವಲ್ಪ ಬಾಗಿತು. ಅಧಿಕಾರಿ ಸಂಕೋಚದಿಂದ ಹೊಟ್ಟೆಯ ಕಡೆ ನೋಡಿದರು.

“ಇದು ಹಳೇ ಕಟ್ಟಡ, ಬರ್ಕಳ್ರಿ. ಹೊಸದಾಗಿ ಏನೂ ಕಟ್ಟಿಲ್ಲ,” ಎಂದರು ಗೌಡರು. ಆದರೂ ಉಸಿರು ಎಳೆದು ಹಿಡಿದು ಸಹಕರಿಸಿದರು.

ಮೂರನೆಯದು ಹಳೆಯ ಕಕ್ಕಸಿನ ಪಕ್ಕದಿಂದ, ಖಾಲಿ ಬಿದ್ದ ಕೊಟ್ಟಿಗೆಯ ಪಕ್ಕದಿಂದ, ಬಾವಿಯ ಪಕ್ಕದಿಂದ ಹಾದು ಹಿತ್ತಲಿನಲ್ಲೇ ಮುಗಿಯಿತು. ಅಲ್ಲಿಂದ ಮಲಗುವ ಕೋಣೆಯ ಗೋಡೆಗೆ ಆರು ಮೀಟರ್ ನಲವತ್ತು. ಒಟ್ಟು ತೊಂಬತ್ತಾರು ಮೀಟರ್ ನಲವತ್ತು ಸೆಂಟಿಮೀಟರ್.

“ಆಗಲ್ಲಮ್ಮ,” ಎಂದರು ಅಧಿಕಾರಿ. ಅವರಿಗೂ ಬೇಸರವಾಗಿತ್ತು, ಅದು ಕಾಣುತ್ತಿತ್ತು.

ಅಕ್ಕ ಗೋಡೆ ಹಿಡಿದು ನಿಂತಿದ್ದಳು. “ನಮ್ಮನೆಯವ್ರು ಇದ್ದಾಗ ಹಗ್ಗ ಹಿಡಿದು ಅಳೆದಿದ್ರು. ನೂರಾ ಒಂಬತ್ತು ಬಂದಿತ್ತು. ದೇವಸ್ಥಾನ ನಡ್ಕಂಡು ಬಂತಾ? ಇಲ್ಲ ನನ್ನ ಮನೆ ಹೋಯ್ತಾ?”

“ಬೇಲಿ ಬಂದೈತಮ್ಮ. ನಾಲ್ಕು ವರ್ಷದ ಹಿಂದೆ. ಒಬ್ರು ನಾಗರಿಕರು ಮನವಿ ಕೊಟ್ಟಿದ್ರು,” ಎಂದು ಅವರು ಫೈಲು ಬಿಚ್ಚಿದರು. “ಎಷ್ಟು ಚೆನ್ನಾಗಿ ಬರ್ದಾರೆ ನೋಡ್ರಿ.”

ಓದಿದರು. ಬೇಲಿಯ ಹೊರಗೆ ಒಂದು ವೀರಗಲ್ಲು ಅನಾಥವಾಗಿ ನಿಂತಿದೆ. ಅದಕ್ಕೆ ಎಮ್ಮೆ ಕಟ್ಟುತ್ತಿದ್ದಾರೆ. ಇದು ನಮ್ಮ ಪೂರ್ವಿಕರಿಗೆ ಮಾಡುವ ಅವಮಾನ. ಕಲ್ಲನ್ನು ಒಳಗೆ ಸಾಗಿಸುವ ಸುಲಭದ ದಾರಿ ಹಿಡಿಯದೆ, ನಿಂತ ಜಾಗದಿಂದ ಒಂದಂಗುಲವೂ ಕದಲಿಸದೆ, ಬೇಲಿಯನ್ನೇ ವಿಸ್ತರಿಸಿ ರಕ್ಷಿಸಬೇಕು.

ಎರಡನೇ ವಾಕ್ಯಕ್ಕೇ ನನಗೆ ಗುರುತು ಸಿಕ್ಕಿತ್ತು. ಒಂದು ಕ್ಷಣ, ಬರೆದದ್ದು ಚೆನ್ನಾಗಿದೆ ಎಂದು ಖುಷಿಯಾಯಿತು. ಅದನ್ನೂ ಇಲ್ಲಿ ಹೇಳಬೇಕು. ಆಮೇಲೆ ಬೇಲಿ ಯಾರಿಂದ ಬಂತೆಂಬುದು ಹೊಳೆಯಿತು.

“ಎಮ್ಮೆ ಯಾರದಂತೆ?” ಅಕ್ಕ ಕೇಳಿದಳು.

“ಅದು ಬರ್ದಿಲ್ಲಮ್ಮ.”

ಎಮ್ಮೆ ಅಕ್ಕನದು. ಕಲ್ಲು ಬೇಲಿಯೊಳಗೆ ಸೇರಿದ ಮೇಲೆ ಹಗಲು ಹೊರಗೆ ಕಟ್ಟಲು ಜಾಗವಿಲ್ಲದೆ ಆ ವರ್ಷವೇ ಮಾರಿದ್ದಳು.

“ಸಹಿ ಯಾರದು, ಓದ್ರಿ.”

ಅಧಿಕಾರಿ ನನ್ನ ಹೆಸರು ಓದಿದರು, ಊರಿನೊಂದಿಗೆ, ‘ನಿವೃತ್ತ ಶಿಕ್ಷಕರು’ ಎಂಬುದರೊಂದಿಗೆ. ಗೌಡರು ಎಂಜಲು ಕೈಯಲ್ಲೇ ಹಿತ್ತಲಿಗೆ ಬಂದು ನಿಂತಿದ್ದರು. “ಮೇಷ್ಟ್ರೇ, ಅಕ್ಷರ ಮುತ್ತಿನಂಗೈತ್ರಿ,” ಎಂದರು.

ಅಕ್ಕ ನನ್ನನ್ನು ನೋಡಿದಳು. ನಾನು ಟೇಪು ಸುತ್ತತೊಡಗಿದೆ. “ತಮ್ಮಾ,” ಎಂದಳು, “ಆ ಟೇಪು ಕೆಳಗಿಡು. ಮುಂದೆ ಎಂತನ್ನೂ ಅಳೀಬೇಡ.”

ಮನವಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಅಧಿಕಾರಿ ತಲೆ ಅಲ್ಲಾಡಿಸಿದರು. “ಬೇಲಿ ಮುಂದಕ್ಕೆ ಬರಕ್ಕೆ ಒಂದು ಕಾಗದ ಸಾಕಾಯ್ತು ಸರ್. ಹಿಂದಕ್ಕೆ ಹೋಗಕ್ಕೆ ಯಾವ ಫಾರಂ ಅಂತ ನಂಗೂ ಗೊತ್ತಿಲ್ಲ. ಇಲ್ಲಿ ಹಳೇದನ್ನ ರಿಪೇರಿ ಮಾಡ್ಕಬಹುದು. ಅದಕ್ಕೆ ಪರ್ಮಿಷನ್ ಸಿಗುತ್ತೆ.”

“ಹಳೇ ಕಕ್ಕಸು?” ಅಕ್ಕ ಕೇಳಿದಳು.

“ಮಾಡಿಸ್ರಿ. ಕಮೋಡ್ ಕೂರಿಸ್ರಿ.”

“ಅದರ ಪಕ್ಕದ ಕೊಟ್ಟಿಗೆ?”

“ಅದನ್ನೂ ಮಾಡಿಸ್ರಿ. ಗೋಡೆ ಇದ್ದಷ್ಟೇ ಇರ್ಬೇಕು.”

“ಅದ್ರಾಗೆ ಯಾರು ಮಲಗ್ಬೇಕು ಅಂತ ನಿಮ್ಮ ಕಾನೂನಿನಾಗೆ ಐತಾ?”

ಅಧಿಕಾರಿ ನಿಜಕ್ಕೂ ಪುಟ ತಿರುವಿದರು. ಹಿಂದೆ ಒಂದು, ಮುಂದೆ ಎರಡು. “ಇಲ್ಲಮ್ಮ.”

“ಹಂಗಾರೆ ಆಯ್ತು ಬಿಡಿ. ಕಕ್ಕಸು ಮನೀಗೆ ಬರಲ್ಲ ಅಂದ್ರೆ ನಾನೇ ಅದರ ಮನೀಗೆ ಹೋಗ್ತೀನಿ.”

ರಿಪೇರಿಯ ಅರ್ಜಿ ನಾನೇ ಬರೆದೆ. ಕಳಿಸುವ ಮುನ್ನ ಅಕ್ಕ ಎರಡು ಸಲ ಗಟ್ಟಿಯಾಗಿ ಓದಿಸಿದಳು. “ಕಲ್ಲಿನ ವಿಷಯ ಎಲ್ಲೂ ಇಲ್ಲ ತಾನೆ?” ಎಂದು ವಿಚಾರಿಸಿದಳು. ಮೇ ತಿಂಗಳ ಕೊನೆಗೆ ಅನುಮತಿ ಬಂತು. ಹೆಂಚು ಬದಲಾಯಿತು, ನೆಲಕ್ಕೆ ಒರಟು ಟೈಲ್ಸ್ ಬಂತು, ಗೋಡೆಗೆ ಸುಣ್ಣವಾಯಿತು, ಕೊಟ್ಟಿಗೆಯಿಂದ ಕಕ್ಕಸಿನವರೆಗೆ ಗೋಡೆಗೆ ಹಿಡಿಕೆ ಕೂತಿತು. ಅಕ್ಕನ ಸಾಗುವಾನಿ ಮಂಚ ಕೊಟ್ಟಿಗೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಎಮ್ಮೆ ಹೊಗುತ್ತಿದ್ದ ಬಾಗಿಲು ಮಂಚಕ್ಕೆ ಸಾಲದೆ ಹೋಯಿತು. ಕಾಲು ಬಿಚ್ಚಿ ಒಳಗೆ ತಂದೆವು. ಗೌಡರು ಎರಡು ಕಾಲು ಹೊತ್ತರು, ನಾನೆರಡು. ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಗೋದಲಿಯಲ್ಲಿ ಅಕ್ಕ ತನ್ನ ಮಾತ್ರೆ ಡಬ್ಬಿ, ಫೋನ್ ಚಾರ್ಜರು, ಟಾರ್ಚು ಜೋಡಿಸಿಕೊಂಡಳು. ಮಂಚದಿಂದ ಕಮೋಡಿಗೆ ಎಷ್ಟು ಹೆಜ್ಜೆ ಎಂಬುದನ್ನು ನಾನು ಎಣಿಸಲಿಲ್ಲ. ಅಕ್ಕ ಎಣಿಸಿ ಹೇಳಿದಳು, ಒಂಬತ್ತು.

ಮಳೆ ಶುರುವಾದ ಎರಡನೇ ವಾರ ಅದೇ ಅಧಿಕಾರಿ ರಿಪೇರಿ ನೋಡಲು ಬಂದರು. ಗೋಡೆಗಳನ್ನು ಅಳೆದರು, ಒಂದಂಗುಲವೂ ಬೆಳೆದಿರಲಿಲ್ಲ. ಅಕ್ಕ ಅವರನ್ನು ಮಂಚದ ಮೇಲೆ ಕೂರಿಸಿ ಟೀ ಕೊಟ್ಟಳು. ಅವರು ಕಾಗದ ಭರ್ತಿ ಮಾಡುತ್ತಾ ಒಂದು ಕಾಲಮ್ಮಿನ ಹತ್ತಿರ ಪೆನ್ನು ನಿಲ್ಲಿಸಿದರು.

“ಕೊಟ್ಟಿಗೆಯ ಈಗಿನ ಬಳಕೆ ಅಂತ ಕೇಳ್ತಾರಮ್ಮ. ಏನಂತ ಬರೀಲಿ?”

“ಒಂದು ತಲೆ ಐತೆ ಅಂತ ಬರೀರಿ,” ಎಂದಳು ಅಕ್ಕ. “ಕಾಲು ಸ್ವಲ್ಪ ಕುಂಟು. ಹಾಲು ಕೊಡಲ್ಲ.”

ಅಧಿಕಾರಿ ನಗು ತಡೆದುಕೊಂಡು ‘ಕೊಟ್ಟಿಗೆ ಬಳಕೆಯಲ್ಲಿದೆ’ ಎಂದು ಬರೆದರು. ಸಾಕ್ಷಿಯ ಸಹಿಗೆ ಕಾಗದವನ್ನು ನನ್ನ ಕಡೆ ತಿರುಗಿಸಿದರು. ನಾನು ಆ ಎರಡು ಪದಗಳನ್ನು ಮೂರು ಸಲ ಓದಿದೆ. ಸುಳ್ಳು ಎಂದು ಹೇಳುವಂಥದ್ದು ಅದರಲ್ಲಿ ಏನೂ ಸಿಗಲಿಲ್ಲ. ಹೊರಗೆ ಚಪ್ಪಡಿಗಳ ಮೇಲೆ ಮಳೆ ಹೊಡೆಯುತ್ತಿತ್ತು. ಅಕ್ಕ ಗೋಡೆಯ ಹಿಡಿಕೆ ಹಿಡಿದು ಎದ್ದು, “ನೀವು ಸಹಿ ಮುಗಿಸ್ಕಳಿ, ನಾನು ಬಂದೆ,” ಎಂದು ಪಕ್ಕದ ಬಾಗಿಲಿಗೆ ಹೋದಳು. ನಾನು ಸಹಿ ಹಾಕಿದೆ.