ಗಂಟು ಬಿಟ್ಟು ಕತ್ತರಿಸಿದ ಫೋಟೋ

ನಮ್ಮ ಮನೆ ಜಂಗಮವಾಡಿಯ ಗಲ್ಲಿಯಲ್ಲಿದೆ. ಊರ ಕಡೆಯಿಂದ ಯಾತ್ರೆಗೆ ಬಂದವರಿಗೆ ಹಿಂದಿಯಲ್ಲಿ ಏನಾದರೂ ತೊಡಕಾದರೆ ಯಾರೋ ಒಬ್ಬರು ನಮ್ಮ ಬಾಗಿಲು ತೋರಿಸುತ್ತಾರೆ. ಔಷಧಿ ಚೀಟಿ ಓದಿಸಿಕೊಳ್ಳಲು, ರೈಲಿನ ವಿಷಯ ಕೇಳಲು ಬರುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಆ ಕಾರ್ತಿಕದಲ್ಲಿ ಬಂದ ಹಿರಿಯರು ಮಾತ್ರ ಚಹಾ ಮುಟ್ಟಲಿಲ್ಲ. ವಿಜಯಪುರದ ಕಡೆಯವರು, ನಾನು ಕಾಕಾ ಅಂತ ಕರೆದೆ. ಅವರ ಹೆಂಡತಿ ಹಿಂದಿನ ದಿನ ದಶಾಶ್ವಮೇಧ ಘಾಟಿನಲ್ಲಿ ಕಳೆದುಹೋಗಿದ್ದರು.

ಆಕೆಗೆ ಮರೆವು. ಕನ್ನಡ ಬಿಟ್ಟು ಬೇರೆ ಮಾತು ಬಾರದು. ಹೆಸರು ಕೇಳಿದರೆ ಒಮ್ಮೊಮ್ಮೆ ತಂಗಿಯ ಹೆಸರು ಹೇಳಿಬಿಡುತ್ತಾರಂತೆ. ಹಾಗಾಗಿ ಕಂಡವರು ಮುಖ ನೋಡಿಯೇ ಗುರುತು ಹಿಡಿಯಬೇಕು. ಪೊಲೀಸರಿಗೆ ತಿಳಿಸಿದ್ದಾಗಿತ್ತು. ಕಳೆದವರನ್ನು ಹುಡುಕಿಕೊಡುವ ಒಂದು ಸೇವಾ ಮಂಡಳಿಯವರು ಫೋಟೋ ಇಮೇಲ್ ಮಾಡಿ ಅಂದಿದ್ದರು. ಅವರು ಅದನ್ನು ಆಸ್ಪತ್ರೆಗಳಿಗೆ, ನಿರಾಶ್ರಿತರ ಮನೆಗಳಿಗೆ ಕಳಿಸುತ್ತಾರೆ, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಾರೆ.

ಕಾಕಾರ ಫೋನಿನಲ್ಲಿ ತಕ್ಕದ್ದು ಅಂತ ಇದ್ದದ್ದು ಒಂದೇ ಫೋಟೋ. ದಂಪತಿ ಸ್ನಾನ ಮುಗಿಸಿ ಇಬ್ಬರೂ ಮೆಟ್ಟಿಲ ಮೇಲೆ ನಿಂತದ್ದು, ಆಕೆಯ ಸೆರಗಿಗೂ ಇವರ ಶಲ್ಯಕ್ಕೂ ಗಂಟು ಹಾಕಿದ್ದು. ದೋಣಿಯವನೊಬ್ಬ ದೂರದಿಂದ ತೆಗೆದುಕೊಟ್ಟಿದ್ದ. ನದಿ, ದೋಣಿ, ಬಿದಿರಿನ ಛತ್ರಿ ಎಲ್ಲವೂ ಅದರಲ್ಲಿದ್ದವು. ಆಧಾರ್ ಕಾರ್ಡಿನ ಮುಖ ಹೆತ್ತ ಮಗಳಿಗೂ ಗುರುತು ಸಿಗುವಂಥದ್ದಲ್ಲ.

ಇಮೇಲ್ ಕಳಿಸಿದೆ, ವಾಪಸು ಬಂತು. ಫೈಲು ದೊಡ್ಡದಾಯಿತು. ಗಲ್ಲಿಯ ತುದಿಯ ಕಂಪ್ಯೂಟರ್ ಅಂಗಡಿಗೆ ಹೋದೆವು. ಇಡೀ ಫೋಟೋ ಸಣ್ಣ ಮಾಡಿದರೆ ಮುಖ ಅಳಿಸಿದ ಹಾಗಾಗುತ್ತದೆ, ಬೇಡವಾದದ್ದನ್ನು ತೆಗೆದು ಆಕೆಯನ್ನಷ್ಟೇ ಉಳಿಸಿಕೊಂಡರೆ ಚೆನ್ನಾಗಿ ಕಾಣುತ್ತದೆ ಅಂತ ಅಂಗಡಿಯವರು ವಿವರಿಸಿ, "ಕಾಟ್ ದೂಂ?" ಅಂದರು.

ಕಾಕಾ ನನ್ನ ಕಡೆ ತಿರುಗಿದರು. "ಇವರಿಗೆ ನಾವು ಏನು ಮಾಡೀವಿ ತಂಗಿ? ಯಾಕ ಕಾಟ ಕೊಡ್ತಾರಂತ?"

ಕಾಟ ಅಲ್ಲ, ಕತ್ತರಿಸಲಾ ಅಂತ ಕೇಳುತ್ತಿದ್ದಾರೆ ಅಂದೆ. ಅವರು ಫೋನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಬ್ಯಾಡ. ಕತ್ತರಿ ಗಂಟಿನ ಮ್ಯಾಲೆ ಬರತದ."

ಮನೆಗೆ ಬರುವ ದಾರಿಯಲ್ಲಿ ಹೇಳಿದರು. ಒಣ ಬಟ್ಟೆಯ ಚೀಲ ಮೇಲಿನ ಮೆಟ್ಟಿಲಲ್ಲಿತ್ತು. ಮಂಡಿ ನೋವಿನ ಆಕೆಯನ್ನು ಯಾಕೆ ಹತ್ತಿಸುವುದು ಅಂತ ಗಂಟು ಬಿಚ್ಚಿ, ಇಲ್ಲೇ ಕೂತಿರು ಅಂದು ತಾವೊಬ್ಬರೇ ಹತ್ತಿದರು. ಚೀಲ ಹಿಡಿದು ಇಳಿದಾಗ ಆ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. "ಒಮ್ಮೆ ಬಿಚ್ಚೀನಿ ತಂಗಿ, ಸಾಕು," ಅಂದರು.

ನಮ್ಮ ಲ್ಯಾಪ್‌ಟಾಪಿನಲ್ಲಿ ಇಡೀ ಫೋಟೋವನ್ನೇ ಸಣ್ಣ ಮಾಡಿದೆ. ಸ್ವಲ್ಪ ಇಳಿಸುವುದು, ಕಳಿಸುವುದು, ವಾಪಸು ಬಂದರೆ ಮತ್ತೆ ಇಳಿಸುವುದು. ಮೊದಲು ಆಕೆಯ ಕುಂಕುಮ ಹಣೆಯಲ್ಲಿ ಕರಗಿತು. ಆಮೇಲೆ ಮೂಗುಬೊಟ್ಟು ಹೋಯಿತು. ಕಣ್ಣು ಎರಡು ಮಸಿಯ ಗುರುತಾದಾಗ ಇಮೇಲ್ ಹೋಯಿತು.

ಕೆಲವು ದಿನ ಬಿಟ್ಟು ಇಲ್ಲೇ ನದಿಯಾಚೆಯ ರಾಮನಗರದ ಆಶ್ರಯಧಾಮವೊಂದರಿಂದ ಫೋನು ಬಂತು. ಫೋಟೋದ ಹಾಗೆಯೇ ಇದ್ದಾರೆ, ಬನ್ನಿ ಅಂದರು. ಕಾಕಾ ಹೆಂಡತಿಯ ಎಲೆಅಡಿಕೆ ಚೀಲ ಹಿಡಿದು ಆಟೋ ಹತ್ತಿದರು. ಸೇತುವೆ ದಾಟುವವರೆಗೂ ಆಕೆ ಹಟಮಾರಿ, ಅಲ್ಲಿಯವರಿಗೆ ಸಾಕು ಸಾಕು ಮಾಡಿರುತ್ತಾಳೆ ಅಂತ ಬೈಯುತ್ತಲೇ ಇದ್ದರು. ಅಷ್ಟು ದಿನಗಳಲ್ಲಿ ಅವರು ಅಷ್ಟು ಮಾತಾಡಿದ್ದು ಅಂದೇ.

ಅಲ್ಲಿದ್ದವರು ಬಿಹಾರದ ಮುದುಕಿ. ಸೀರೆಯ ಬಣ್ಣ ಅದೇ, ಅಷ್ಟೆ. ಆಕೆ ಕೈಚಾಚಿ ಎಲೆಅಡಿಕೆ ಚೀಲ ಇಸಕೊಂಡು ಒಂದು ಎಲೆ ಮಡಚಿ ಬಾಯಿಗೆ ಹಾಕಿಕೊಂಡರು. ಕಾಕಾ ತಡೆಯಲಿಲ್ಲ. ಮೇಲ್ವಿಚಾರಕಿ ನಮ್ಮ ಫೋಟೋದ ಪ್ರಿಂಟು ನನ್ನ ಮುಂದೆ ಹಿಡಿದು, ಬಹೆನ್‌ಜೀ, ಇದರಲ್ಲಿ ಹುಡುಕಿದರೆ ನಾನೂ ಸಿಗುತ್ತೇನೆ ಅಂದರು. ಸಿಟ್ಟಿನಿಂದೇನೂ ಅಲ್ಲ.

ಮನೆಗೆ ಬಂದು ಕಾಕಾ ಫೋನನ್ನು ನನ್ನ ಮುಂದೆ ಇಟ್ಟರು. "ಕತ್ತರಿಸು ತಂಗಿ. ಗಂಟು ಆಕಿ ಕಡೆ ಇರ್ಲಿ."

ಹಾಗೇ ಮಾಡಿ ನೋಡಿದೆ. ಗಂಟು ಸೊಂಟದ ಹತ್ತಿರ ಇತ್ತು. ಅದು ಇರಬೇಕೆಂದರೆ ಚೌಕಟ್ಟು ಅಷ್ಟು ಕೆಳಗೆ ಬರಬೇಕು, ಇವರ ತೋಳೂ ಒಳಗೆ ಬರುತ್ತದೆ, ಮುಖ ಮತ್ತೆ ಸಣ್ಣದಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕುಕ್ಕರು ಕೂಗಿತು, ನಾನು ಒಳಗೆ ಹೋಗಿ ಬಂದೆ. ಬಂದಾಗ ಕಾಕಾ, ಎಲ್ಲಿ ಒತ್ತಿ ಎಳೆಯಬೇಕು ಅಂತ ಕೇಳಿದರು. ತೋರಿಸಿದೆ. ಕೆಳಗಿನ ಗೆರೆಯನ್ನು ಅವರೇ ಮೇಲಕ್ಕೆ ತಳ್ಳಿಕೊಂಡು ಹೋದರು, ಆಕೆಯ ಕೊರಳ ತನಕ. ಸೀರೆಯ ಬಣ್ಣವನ್ನು ನಾನು ಅಕ್ಷರದಲ್ಲಿ ಬರೆದೆ. ಇಮೇಲ್ ಒಂದೇ ಸಲಕ್ಕೆ ಹೋಯಿತು.

ಈಗ ಘಾಟಿನ ಗೋಡೆಯ ಮೇಲಿರುವುದು ಆ ಮುಖ. ತರಕಾರಿ ತರಲು ಹೋದಾಗ ನೋಡುತ್ತೇನೆ. ಮೂಗುಬೊಟ್ಟಿನ ಕಲ್ಲು ಕೂಡ ಕಾಣುತ್ತದೆ. ಜನ ನಿಲ್ಲುತ್ತಾರೆ, ನೋಡುತ್ತಾರೆ, ಮುಂದೆ ಹೋಗುತ್ತಾರೆ. ಮೊದಲಿನ ದಿನಗಳಲ್ಲಿ ಆಕೆಯನ್ನು ಎಲ್ಲಿಯೋ ಕಂಡಿರಬಹುದಾದವರ ಕೈಯಲ್ಲಿ ಇದ್ದದ್ದು ಆ ಮಸಿ ಮುಖ, ಇದಲ್ಲ. ಮಂಡಳಿಯವರು ಫೋನು ಎತ್ತುವುದನ್ನು ಕಡಿಮೆ ಮಾಡಿದ್ದಾರೆ. ಮಗಳು ಬಂದು ಕಾಕಾರನ್ನು ಊರಿಗೆ ಕರೆದುಕೊಂಡು ಹೋದಳು.

ಅಲ್ಲಿಂದ ಆಗಾಗ ಫೋನು ಮಾಡುತ್ತಾರೆ. ಆಕೆಯ ವಿಷಯ ಕೇಳುವುದನ್ನು ಬಿಟ್ಟಿದ್ದಾರೆ. ಮೊನ್ನೆ, ಅಲ್ಲಿ ಚಳಿ ಬಿತ್ತೇನು ತಂಗಿ ಅಂದರು. ಬೆಳಗಿನಿಂದ ಮಂಜು ಕವಿದು ಎದುರು ಮನೆಯ ಬಾಗಿಲೂ ಕಾಣುತ್ತಿರಲಿಲ್ಲ.

"ಇನ್ನೂ ಅಷ್ಟೇನಿಲ್ಲ, ಕಾಕಾರ," ಅಂದೆ.