ನಂಬಿದ ಕಂಪನಿಯ ಹೊಸ ಯಂತ್ರ

ಮನೆ ಸಾಮಾನು ಸಾಗಿಸುವ ಆ ಕಂಪನಿಯ ಕಚೇರಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಮಾತ್ರ ಬಿರುಗಾಳಿ ಎಂಬ ಅಡ್ಡಹೆಸರು. ಕಳೆದುಹೋದ ಪೆಟ್ಟಿಗೆ, ಒಡೆದ ಕನ್ನಡಿ, ಯಾರದೋ ಮನೆಗೆ ಹೋಗಿ ಇಳಿದ ಇನ್ಯಾರದೋ ಮಂಚ, ಇಂಥ ದೂರುಗಳನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಆ ಕಡೆಯವರು ರೇಗಲಿ, ಅಳಲಿ, ಅವರ ಮಾತು ಮುಗಿಯುವ ಹೊತ್ತಿಗೆ ಅವಳ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಕೂತಿರುತ್ತಿತ್ತು. ಹೊಸದಾಗಿ ಸೇರಿದವರನ್ನು ಅವಳ ಕುರ್ಚಿಯ ಹಿಂದೆ ನಿಲ್ಲಿಸಿ ಬೆರಳಿನ ಓಟ ತೋರಿಸುವುದು ಕಚೇರಿಯವರಿಗೊಂದು ಮೋಜು. "ಅಕ್ಕ, ಪಾಪ, ಆ ಕೀಲಿಗಳಿಗೂ ಒಂಚೂರು ಉಸಿರಾಡೋಕೆ ಬಿಡಿ" ಎಂದು ಲೆಕ್ಕದ ವಿಭಾಗದವನು ಕಾಲೆಳೆದರೆ, "ನಿನ್ನ ಹಾಗೆ ಆಕಳಿಸ್ತಾ ಕೂತ್ರೆ ಅವಕ್ಕೂ ನಿದ್ದೆ ಬರುತ್ತೆ ಕಣೋ" ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು.

ಆ ಬೆರಳುಗಳಿಗೆ ಕಣ್ಣಿನ ಹಂಗೇ ಇರಲಿಲ್ಲ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳ ನೋಟ ನಡುವಿನಿಂದ ಸವೆಯುತ್ತಾ ಬಂದಿತ್ತು. ನೆಟ್ಟಗೆ ನೋಡಿದ್ದು ಕಾಣದು. ಅಂಚಿಗೆ ಬಿದ್ದದ್ದು ಮಬ್ಬಾಗಿ ಕಂಡೀತು. ಹೋದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಅವಳು ತಮ್ಮನ ಮನೆಯಲ್ಲಿದ್ದಳು. ಅಲ್ಲಿ ಎಲ್ಲರಿಗೂ ತಿಳಿದಿದ್ದರಿಂದ ತಮ್ಮನ ಹೆಂಡತಿ ಅವಳ ಕೈಯಿಂದ ಮೊದಲು ಚಾಕು ಕಿತ್ತುಕೊಂಡಳು, ಆಮೇಲೆ ಕುದಿಯುವ ಪಾತ್ರೆ, ಆಮೇಲೆ ಗಾಜಿನ ಲೋಟ. ಕೆಟ್ಟವಳೇನಲ್ಲ, ಪ್ರೀತಿಯಿಂದಲೇ ಕಿತ್ತುಕೊಂಡಳು. ಪ್ರೀತಿಯಿಂದ ಕಿತ್ತುಕೊಂಡರೆ ಜಗಳಕ್ಕೂ ದಾರಿ ಇರುವುದಿಲ್ಲವಲ್ಲ. ಹಾಗಾಗಿ ಕೈಲಾಗದವಳು ಎನ್ನಿಸಿಕೊಳ್ಳದೆ ಅವಳು ಉಸಿರಾಡುತ್ತಿದ್ದ ಜಾಗ ಒಂದೇ, ಕಚೇರಿಯ ತನ್ನ ಮೇಜು.

ಮೇಜನ್ನು ಉಳಿಸಿಕೊಟ್ಟಿದ್ದು ಲ್ಯಾಪ್‌ಟಾಪಿನ ಕೀಲಿಗಳ ನಡುವೆ ಇದ್ದ ಮೆಣಸಿನ ಕಾಳಿನಷ್ಟು ರಬ್ಬರ್ ಗುಂಡಿ. ಅದರ ಮೇಲೆ ಒಂದು ಬೆರಳಿಟ್ಟರೆ ಸಾಕು, ಉಳಿದ ಬೆರಳುಗಳು ತಂತಮ್ಮ ಮನೆ ಸೇರುತ್ತಿದ್ದವು. ಹಿಂದೊಮ್ಮೆ ಕಚೇರಿ ಹಳೆಯ ಯಂತ್ರಗಳನ್ನು ಬದಲಿಸಿ, ಅವನ್ನು ತಯಾರಿಸಿದ ಕಂಪನಿಯದೇ ಹೊಸದನ್ನು ತಂದಾಗಲೂ ಆ ಗುಂಡಿ ಅಲ್ಲೇ ಇತ್ತು, ಕೀಲಿಗಳೂ ಕದಲಿರಲಿಲ್ಲ. ಅಂದಿನಿಂದ ಆ ಕಂಪನಿಯ ಮೇಲೆ ಅವಳಿಗಿದ್ದದ್ದು ಬರೀ ನಂಬಿಕೆಯಲ್ಲ, ಋಣ.

ಈಗ ಮತ್ತೆ ಬದಲಿಸುವ ಕಾಲ ಬಂತು. ಖರೀದಿ ನೋಡಿಕೊಳ್ಳುವ ಹುಡುಗಿ ಅಕ್ಕನ ಅಚ್ಚುಮೆಚ್ಚಿನವಳು. ಅವಳು ಮೂರು ಕಂಪನಿಗಳಿಂದ ಒಂದೊಂದು ಯಂತ್ರ ತರಿಸಿ, ನಡುಮನೆಯಂಥ ದೊಡ್ಡ ಕೋಣೆಯ ಮೇಜಿನ ಮೇಲಿಟ್ಟು, ಎಲ್ಲರೂ ಬಂದು ಕೈಯಾಡಿಸಿ ನೋಡಿ, ಯಾವುದು ಹಿಡಿಸಿತು ಹೇಳಿ ಎಂದಳು. ಹಳೆಯ ಕಂಪನಿಯದ್ದು ಗಟ್ಟಿ, ಆದರೆ ದುಬಾರಿ. ಪ್ರತಿಸ್ಪರ್ಧಿಗಳದ್ದು ಹಗುರ, ಬ್ಯಾಟರಿ ದಿನವಿಡೀ ಬರುತ್ತದೆ. ಹುಡುಗಿಯ ಮನಸ್ಸು ಮೂರನೆಯದರ ಮೇಲಿತ್ತು.

"ಅಕ್ಕ, ಬನ್ನಿ, ಒಂದ್ಸಲ ಒತ್ತಿ ನೋಡಿ. ನೀವು ಹೇಳಿದ್ದೇ ಕೊನೆ ಮಾತು ಅಂತಾರೆ ಮ್ಯಾನೇಜರ್ ಸಾರ್."

ಅಕ್ಕ ನಿಂತಲ್ಲೇ ನಿಂತಳು. ಆ ಮೇಜಿನ ಸುತ್ತ ಜನವೋ ಜನ. ಪರಿಚಯವಿಲ್ಲದ ಯಂತ್ರದ ಮುಂದೆ ಕೂತು ಬೆರಳು ತಡಕಾಡಿದರೆ? ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಅವಳದ್ದು ಕೈಯಿಟ್ಟರೆ ಬಣ್ಣಗೇಡು.

"ಬೇರೆಯವು ನನಗೆ ಬೇಡವೇ ಬೇಡ," ಎಂದಳು ದೂರದಿಂದಲೇ.

"ಸರಿ, ನಿಮ್ಮ ಕಂಪನಿದೇ ಹೊಸದು ಇದೆಯಲ್ಲ, ಅದನ್ನಾದ್ರೂ ನೋಡಿ."

"ಮನೆ ಮಗನಿಗೆ ಯಾರಾದ್ರೂ ಪರೀಕ್ಷೆ ಇಡ್ತಾರೇನೇ?"

ಎಲ್ಲರೂ ನಕ್ಕರು. ಆ ನಗೆಯ ಮೇಲೇ ತೇಲಿಕೊಂಡು ಅವಳು ತನ್ನ ಪಕ್ಷ ವಾದಿಸಿದಳು. ಲಾರಿಯಿಂದ ಬಿದ್ದ ಯಂತ್ರ ಮರುದಿನ ಎದ್ದು ಕೂತಿದ್ದು, ಕರೆದ ದಿನವೇ ರಿಪೇರಿಯವನು ಓಡಿಬಂದಿದ್ದು, ಅಗ್ಗಕ್ಕೆ ಆಸೆಪಟ್ಟ ಪಕ್ಕದ ಕಚೇರಿಯವರು ವರ್ಷವಿಡೀ ಗೋಳಾಡಿದ್ದು, ಒಂದನ್ನೂ ಬಿಡಲಿಲ್ಲ. ವಕೀಲರೂ ಅಷ್ಟು ಚೆನ್ನಾಗಿ ವಾದಿಸಲಾರರು. ಮ್ಯಾನೇಜರು ಹುಡುಗಿಯ ಕಡೆ ನೋಡಿದರು. ಹುಡುಗಿ ಅಕ್ಕನ ಮುಖ ನೋಡಿದಳು, ತನ್ನ ಲೆಕ್ಕಾಚಾರವನ್ನೆಲ್ಲ ಬದಿಗಿಟ್ಟಳು. "ಆಗ್ಲಿ ಸಾರ್, ಹಳೇ ಕಂಪನಿನೇ ಇರ್ಲಿ." ಅಂದು ಅಕ್ಕ ಬೀಸುವ ದೊಣ್ಣೆ ತಪ್ಪಿಸಿಕೊಂಡವಳಂತೆ ಮನೆಗೆ ಹೋದಳು. ಬಸ್ಸಿನಲ್ಲಿ ಒಬ್ಬಳೇ ನಕ್ಕಳಂತೆ.

ಹೊಸ ಪೆಟ್ಟಿಗೆಗಳು ಬಂದ ಬೆಳಗ್ಗೆಯೇ ಹಳೆಯವನ್ನು ಕಂಪನಿಯವರು ವಿನಿಮಯಕ್ಕೆಂದು ಹೇರಿಕೊಂಡು ಹೋದರು. ಅಕ್ಕ ಕುರ್ಚಿಯಲ್ಲಿ ಕೂತು, ಅಭ್ಯಾಸದಂತೆ ನಡುವಿಗೆ ಬೆರಳು ತಂದಳು. ಗುಂಡಿ ಇರಲಿಲ್ಲ. ಇನ್ನಷ್ಟು ಮೇಲೆ, ಇನ್ನಷ್ಟು ಪಕ್ಕಕ್ಕೆ ಹುಡುಕಿದಳು. ಎಲ್ಲ ನುಣ್ಣಗೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೊಸ ಯಂತ್ರದಲ್ಲಿ ಅಕ್ಕನ ಮೊದಲ ಓಟ ನೋಡಲು ನಾಲ್ಕಾರು ಜನ ಹಿಂದೆ ಬಂದು ನಿಂತಿದ್ದರು. ಅವಳು ಅಂದಾಜಿನ ಮೇಲೆ ಕೈಯಿಟ್ಟಳು.

ಫೋನಿನಲ್ಲಿ ಒಬ್ಬ ಗಂಡಸು. ತಾಯಿ ತೀರಿಕೊಂಡಿದ್ದರು, ಅವರ ಮನೆ ಖಾಲಿ ಮಾಡಿಸಿದ್ದ, ಒಂದು ಪೆಟ್ಟಿಗೆ ಬಂದಿಲ್ಲ. ಅದರಲ್ಲಿ ಎರಡು ಕನ್ನಡಕ, ಹೊಲಿಗೆಯ ಡಬ್ಬಿ, ಅರ್ಧ ಹೆಣೆದ ನೀಲಿ ಸ್ವೆಟರ್. ಪರಿಹಾರ ಬೇಡ, ಹುಡುಕಿಕೊಡಿ ಎನ್ನುತ್ತಾ ಅವನು ಅತ್ತ. ಅಕ್ಕ ಎಂದಿನಂತೆ ಬಿರುಗಾಳಿಯಾದಳು. "ಬರ್ಕೊಂಡೆ ಸಾರ್, ಒಂದು ಮಾತೂ ಬಿಟ್ಟಿಲ್ಲ" ಎಂದು ಫೋನಿಟ್ಟಳು.

ಹಿಂದೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಓದೇ, ಸರಿಯಾಗಿದ್ಯಾ?" ಎಂದಳು ಹುಡುಗಿಗೆ.

"ಅಕ್ಕ... ಏನಂತ ಓದ್ಲಿ? ಒಂದು ಪದಾನೂ ಇಲ್ಲ ಇದ್ರಲ್ಲಿ."

ಲೆಕ್ಕದವರ ಅನುಕೂಲಕ್ಕೆಂದು ಕಂಪನಿ ಬಲಗಡೆ ಅಂಕಿಗಳ ಸಾಲುಗಳನ್ನು ಸೇರಿಸಿತ್ತು. ಅಕ್ಷರಗಳೆಲ್ಲ ಎಡಕ್ಕೆ ಸರಿದು, ಅಕ್ಕ ಒತ್ತಿದ್ದೆಲ್ಲ ಪಕ್ಕದ ಕೀಲಿಯಾಗಿತ್ತು. ಹುಡುಗಿ ಬಗ್ಗಿ ಅಕ್ಕನ ಕಣ್ಣನ್ನೇ ನೋಡಿದಳು. ಆ ಕಣ್ಣು ಹುಡುಗಿಯ ಮುಖ ಬಿಟ್ಟು ಕಿವಿಯ ಕಡೆ ನೋಡುತ್ತಿತ್ತು.

"ಯಾವಾಗಿಂದ ಅಕ್ಕ?"

"ನೀನು ಸೇರೋಕೆ ಮುಂಚಿಂದ."

"ಅಯ್ಯೋ, ಆ ಮೂರನೇದ್ರಲ್ಲಿ ನಡುವೆ ಗುಂಡಿ ಇತ್ತು! ಕೀಲಿಗಳೂ ನಿಮ್ಮ ಹಳೇದ್ರ ಹಾಗೇ ಇದ್ವು. ನಿಮಗೆ ಹಿಡಿಸುತ್ತೆ ಅಂತಾನೇ ತರ್ಸಿದ್ದು. ನೀವು ಮುಟ್ಟಿದ್ರೆ ಸಾಕಿತ್ತು."

ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಬೇಕಾದದ್ದು ನಾಲ್ಕು ಹೆಜ್ಜೆ ದೂರದಲ್ಲಿತ್ತು, ಅವಳು ಅದರ ವಿರುದ್ಧ ವಾದಿಸಿ ಗೆದ್ದಿದ್ದಳು. ನಂಬಿದವರಿಂದ ಮೋಸ ಹೋದರೆ ಅವರನ್ನು ಶಪಿಸಬಹುದು. ಇಲ್ಲಿ ಶಪಿಸುವುದು ಯಾರನ್ನು? ಕಂಪನಿಗೆ ಅವಳಿದ್ದಾಳೆ ಎಂದೇ ಗೊತ್ತಿಲ್ಲ.

ಮ್ಯಾನೇಜರು ಬಂದು ಪರದೆ ನೋಡಿದರು. "ಅಕ್ಕ, ಇನ್ನು ನಿಮಗೆ ಈ ಕೆಲಸ ಬೇಡ," ಎಂದರು ಮೆಲ್ಲಗೆ.

"ಬೇರೆ ಕೀಬೋರ್ಡ್ ಇವತ್ತೇ ತಂದು ಹಾಕ್ತೀನಿ ಸಾರ್," ಎಂದಳು ಹುಡುಗಿ.

"ಕೀಬೋರ್ಡಿನ ಮಾತಲ್ಲಮ್ಮ. ಇಷ್ಟು ದಿನ ಹೇಳ್ಲಿಲ್ವಲ್ಲ. ನಾಳೆ ಏನೋ ಒಂದು ಹೆಚ್ಚುಕಡಿಮೆ ಆದ್ರೆ ನಾನು ಹೇಗೆ ನಂಬ್ಲಿ?"

ಅಕ್ಕ ವಾದಿಸಲಿಲ್ಲ. ಒಂದೇ ಒಂದು ಕೇಳಿದಳು. "ಆ ಗಂಡಸಿನ ದೂರು ಮುಗಿಸಿ ಹೋಗ್ತೀನಿ ಸಾರ್. ಮತ್ತೆ ಫೋನ್ ಮಾಡಿ ಅದನ್ನೆಲ್ಲ ಅವನ ಬಾಯಲ್ಲಿ ಇನ್ನೊಂದ್ಸಲ ಹೇಳಿಸ್ಬೇಡಿ."

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಹುಡುಗಿ ಕೂತಳು. ಅಕ್ಕ ಪಕ್ಕದಲ್ಲಿ ನಿಂತು, ಕುರ್ಚಿಯ ಬೆನ್ನು ಹಿಡಿದುಕೊಂಡು, ಅವನು ಹೇಳಿದ್ದನ್ನೆಲ್ಲ ಒಂದು ಮಾತು ತಪ್ಪದಂತೆ ಹೇಳತೊಡಗಿದಳು. ವಿಳಾಸ, ಲಾರಿಯ ಹೊತ್ತು, ತಾಯಿಯ ಕನ್ನಡಕಗಳು. ಎರಡೇ ಬೆರಳಲ್ಲಿ ಒತ್ತುವ ಹುಡುಗಿ ಅಳುತ್ತಾ ಒಂದೊಂದೇ ಅಕ್ಷರ ಹುಡುಕುತ್ತಿದ್ದಳು.

"ಸ್ವಲ್ಪ ನಿಧಾನ ಅಕ್ಕ. ನೀಲಿ... ಆಮೇಲೆ?"

"ಸ್ವೆಟರ್," ಎಂದಳು ಅಕ್ಕ. "ಅರ್ಧ ಹೆಣೆದಿದ್ದು." ಮುಂದಿನ ಮಾತು ಬಾಯಲ್ಲಿ ಸಿದ್ಧವಾಗಿತ್ತು. ಹುಡುಗಿ ಅಷ್ಟನ್ನು ಒತ್ತಿ ಮುಗಿಸುವ ತನಕ ಅವಳು ಕಾದಳು.