ಜವಳಿ ಸಾಲಿನ ಕಟ್ಟೆ

ಲಿಂಗಸುಗೂರಿನ ಹಳೆ ಬಜಾರಿನಲ್ಲಿ ಜವಳಿ ಸಾಲು ಎಂದರೆ ಐದು ಅಂಗಡಿ, ಒಂದು ಮಾಳಿಗೆ, ಒಂದು ಕಟ್ಟೆ. ನಿಜಾಮನ ಕಾಲದಲ್ಲಿ ಕಟ್ಟಿಸಿದ್ದಂತೆ. ಸಾಗವಾನಿ ಕಂಬಗಳು, ಗಾರೆ ಗೋಡೆ, ಬಾಗಿಲ ಮೇಲೆ ಬಳ್ಳಿ ಕೆತ್ತಿದ ಚೌಕಟ್ಟು. ಈಗ ಬಂದವರೆಲ್ಲ ಫೋಟೊ ಹೊಡೆಯುವುದು ಆ ಕಂಬಗಳಿಗೇ. ನನಗೆ ಅವುಗಳ ಮೇಲೆ ಸಿಟ್ಟೇನೂ ಇಲ್ಲ. ಆದರೆ ಅಪ್ಪನ ಗಾದಿಯ ಮೇಲೆ ಕೂತು ಇಷ್ಟು ವರ್ಷ ಬಟ್ಟೆ ಮಾರಿದವಳಿಗೆ ಕಂಬ ನೋಡುತ್ತ ಕೂರಲು ಪುರುಸೊತ್ತು ಎಲ್ಲಿತ್ತು? ನಾನು ನೋಡುತ್ತಿದ್ದದ್ದು ಕಟ್ಟೆಯನ್ನು.

ಕರಿಗಲ್ಲಿನ ಆ ಕಟ್ಟೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ. ನಡುವೆ ಮೆಟ್ಟಿಲಿಲ್ಲ, ಗೋಡೆಯಿಲ್ಲ. ಬೆಳಿಗ್ಗೆ ಹಲಗೆ ಬಾಗಿಲು ಕಳಚಿ ಒಳಗಿಟ್ಟು ಎಲ್ಲರೂ ಕಟ್ಟೆಗೆ ಬಂದು ಕೂರುತ್ತಿದ್ದೆವು. ಕೂತಲ್ಲಿಂದ ಒಬ್ಬರ ಅಂಗಡಿ ಇನ್ನೊಬ್ಬರಿಗೆ ಕಾಣುತ್ತಿತ್ತು. ಯಾರಿಗೆ ಬೋಣಿ ಆಗಿದೆ, ಯಾರಿಗೆ ಆಗಿಲ್ಲ ಎಂದು ಕೇಳಬೇಕಾಗಿರಲಿಲ್ಲ. ದಿನದ ಮೊದಲ ವ್ಯಾಪಾರ ನಿಮ್ಮದಾಯಿತೋ, ಎರಡನೇ ಗಿರಾಕಿಯನ್ನು ಬೋಣಿ ಆಗದ ಅಂಗಡಿಗೆ ಕಳಿಸಬೇಕು. ಅದು ಸಾಲಿನ ಕಟ್ಟುಪಾಡು. ಐದೂ ಅಂಗಡಿಗೆ ಬೋಣಿ ಆದ ಮೇಲೆ ಪೈಪೋಟಿ. ಆಮೇಲೆ ಗಿರಾಕಿಯ ಕೈ ಹಿಡಿದು ಎಳೆದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಹೊಸಬರಿಗೆ ಇದು ಅರ್ಥವಾಗುತ್ತಿರಲಿಲ್ಲ. ಒಮ್ಮೆ ಗುರುಗುಂಟಾದ ಹೆಂಗಸೊಬ್ಬಳು ಧೋತರ ಕೇಳಿಕೊಂಡು ಬಂದಳು. ಪಕ್ಕದ ಚಾಚಾನ ಅಂಗಡಿಗೆ ಹೋಗು ಎಂದೆ.

"ಯವ್ವಾ, ಧೋತರ ಕಣ್ಣಿಗೆ ಕಾಣಾಕತ್ಯಾವು, ಕೊಡಾಕ ಏನ್ ಧಾಡಿ ನಿನಗ?" ಎಂದು ಜಬರಿಸಿದಳು.

ಚಾಚಾ ಅತ್ತಲಿಂದ ನಗುತ್ತ, "ಬಾರವ್ವ, ಆಕಿದು ಹೊಟ್ಟಿ ತುಂಬ್ಯದ, ನಂದು ಇನ್ನೂ ಖಾಲಿ ಅದ" ಎಂದು ಕರೆದರು.

ಈ ಚಾಚಾ ನನ್ನ ಅಪ್ಪನ ವಾರಿಗೆಯವರು. ಅಪ್ಪ ತೀರಿಕೊಂಡ ಮೇಲೆ, ಹೆಣ್ಣುಮಗಳು ಗಾದಿಗೆ ಕೂರುತ್ತಾಳಂತೆ ಎಂದು ಬಜಾರೆಲ್ಲ ಗುಸುಗುಸು ಎನ್ನುತ್ತಿದ್ದಾಗ, ಮೊದಲ ದಿನ ನನ್ನ ಬೋಣಿಗೆ ಗಿರಾಕಿ ಕಳಿಸಿದವರು ಅವರು. ಅವರಿಗೇ ಇನ್ನೂ ಬೋಣಿ ಆಗಿರಲಿಲ್ಲ. ಅದು ನನಗೆ ಕಟ್ಟೆಯ ಮೇಲಿಂದಲೇ ಕಂಡಿತ್ತು.

ಆಮೇಲೆ ಸಿಂಧನೂರಿನಲ್ಲಿ ಅಂತಸ್ತಿನ ಮೇಲೆ ಅಂತಸ್ತಿನ ಜವಳಿ ಮಳಿಗೆಗಳಾದವು. ಮಸ್ಕಿಯವರಷ್ಟೇ ಅಲ್ಲ, ನಮ್ಮೂರಿನವರೂ ಮದುವೆ ಜವಳಿಗೆ ಅಲ್ಲಿಯ ಬಸ್ಸು ಹತ್ತತೊಡಗಿದರು. ಸಾಲಿನ ಮೂರು ಅಂಗಡಿಗಳು ಬಾಗಿಲು ಹಾಕಿದವು. ಉಳಿದದ್ದು ಚಾಚಾ ಮತ್ತು ನಾನು. ಕೊನೆಗೆ ಚಾಚಾನೂ ತೀರಿಕೊಂಡರು. ಅವರ ಮಕ್ಕಳು ಮಾಲು ಖಾಲಿ ಮಾಡಿ ಕೀಲಿ ಹಾಕಿದರು.

ಅದಾಗಿ ಕೆಲವು ದಿನಗಳಾಗಿರಬೇಕು. ಬೆಳಿಗ್ಗೆ ಒಬ್ಬಳಿಗೆ ಲಂಗದ ಬಟ್ಟೆ ಹರಿದುಕೊಟ್ಟಿದ್ದೆ. ಹಿಂದೆಯೇ ಪಾಮನಕಲ್ಲೂರಿನ ಮುದುಕರೊಬ್ಬರು ಬಂದು ಟವೆಲ್ ಕೇಳಿದರು. "ಬಾಜೂ ಅಂಗಡ್ಯಾಗ ನೋಡ್ರಿ" ಎಂದೆ, ತಲೆ ಎತ್ತದೆ. ಅವರು ಕಟ್ಟೆಯ ಮೇಲೆ ನಡೆದು ಹೋಗಿ ತಿರುಗಿ ಬಂದರು.

"ಅಲ್ಲಿ ಕೀಲಿ ಹಾಕ್ಯಾರಲ್ಲವ್ವ."

ಟವೆಲ್ ಕೊಟ್ಟು ಕಳಿಸಿದೆ. ಒಳಗೆ ಹೋಗಿ ಬಟ್ಟೆಯ ಥಾನುಗಳ ಹಿಂದೆ ನಿಂತು ಅತ್ತೆ. ಚಾಚಾಗೆ ಮಣ್ಣು ಕೊಟ್ಟ ದಿನವೂ ಅಷ್ಟು ಅತ್ತಿರಲಿಲ್ಲ.

ಕಟ್ಟಡದ ಮಾಲೀಕರು ಎಲ್ಲ ಕೆಡವಿ ಕಾಂಪ್ಲೆಕ್ಸ್ ಕಟ್ಟುವ ಮಾತು ತೆಗೆದಾಗ ಊರಿನ ನಾಲ್ಕು ಜನ ಬೇಡವೆಂದು ಪಟ್ಟು ಹಿಡಿದರು. ಹಳೆ ಕಟ್ಟಡಗಳ ಬಗ್ಗೆ ಓದಿದ ಹುಡುಗಿಯೊಬ್ಬಳು ಬಂದು ಟೇಪು ಹಿಡಿದು ಎಲ್ಲ ಅಳೆದಳು. ಒಳ್ಳೆಯ ಹುಡುಗಿ. ಗಾದಿಯ ಮೇಲೆ ಕೂತು ಚಹಾ ಕುಡಿದಳು.

"ಇದರಾಗ ಯಾವುದು ಉಳೀಬೇಕಂತೀರಿ ಅಕ್ಕಾ?"

"ಕಟ್ಟೆ ಉಳಸ್ರಿ. ಕಂಬ ಬಿದ್ರ ಬೀಳವಲ್ದ್ಯಾಕ."

ಬೋಣಿಯ ಕಥೆಯನ್ನೆಲ್ಲ ಹೇಳಿದೆ. ಕಟ್ಟೆ ಹಾಗೇ ಇದ್ದರೆ ಖಾಲಿ ಅಂಗಡಿಗಳಿಗೆ ಯಾರಾದರೂ ಬಂದಾರು, ಬಂದವರು ಹೊರಗೆ ಬಂದು ಕೂತಾರು, ಬೆಳಿಗ್ಗೆ ಕತ್ತು ತಿರುಗಿಸಿದರೆ ನನಗೆ ಇನ್ನೊಂದು ಮುಖ ಕಂಡೀತು. ಅಷ್ಟೇ ನನ್ನ ಆಸೆ. ಅದನ್ನೂ ನಾಚಿಕೆ ಬಿಟ್ಟು ಹೇಳಿದೆ. ಅವಳಿಗೆ ಅರ್ಥವಾಯಿತು. ಮಾಲೀಕರ ಎದುರು ಕಟ್ಟೆಗಾಗಿ ಬಹಳ ಹೊತ್ತು ವಾದಿಸಿದಳಂತೆ, ಪಾಪ.

ಕಂಬಗಳು ಉಳಿದವು. ಚೌಕಟ್ಟಿಗೆ ಪಾಲಿಶ್ ಬಂತು, ಬಳ್ಳಿಗಳಿಗೆ ಬಣ್ಣದ ಲೈಟು ಬಂತು. ಕಟ್ಟೆ ಒಡೆದು ಬೈಕು ನಿಲ್ಲಿಸಲು ಜಾಗ ಮಾಡಿದರು. ಅಂಗಡಿಗಳಿಗೆಲ್ಲ ಗಾಜಿನ ಬಾಗಿಲು. ಒಳಗೆ ಕೂತರೆ ಎದುರಿನ ರಸ್ತೆ ಬಿಟ್ಟು ಏನೂ ಕಾಣದು. ಪರಂಪರೆ ಉಳಿಸಿದರು ಎಂದು ಎಲ್ಲರೂ ಹೊಗಳುತ್ತಾರೆ, ನಾನೂ ಹೂಂ ಎನ್ನುತ್ತೇನೆ. ನಿಜ ಹೇಳಬೇಕೆಂದರೆ, ಸಾಲಿನಲ್ಲಿ ನಾನೊಬ್ಬಳೇ ಇದ್ದಾಗಲೂ ಇಷ್ಟು ಒಂಟಿ ಅನಿಸಿರಲಿಲ್ಲ.

ಚಾಚಾನ ಜಾಗದಲ್ಲಿ ಈಗ ಹೊಸ ಬಟ್ಟೆ ಅಂಗಡಿ. ಇಟ್ಟವನು ವಳಕಮದಿನ್ನಿಯ ಕಡೆಯವನು, ಎರಡು ಮಕ್ಕಳ ತಂದೆ, ಮರ್ಯಾದಸ್ಥ. ಟವೆಲ್, ಲುಂಗಿ ನನ್ನಲ್ಲೂ ಇವೆ, ಅವನಲ್ಲೂ ಇವೆ. ಹೋದ ವಾರ ನನ್ನ ಬೋಣಿ ಆದ ಮೇಲೆ ಬಂದ ಗಿರಾಕಿಯನ್ನು ಅವನ ಅಂಗಡಿಗೆ ಕಳಿಸಿದೆ. ಮರುದಿನ ಇನ್ನೊಬ್ಬರನ್ನು ಕಳಿಸಿದೆ. ಈ ಸಲ ಮರೆತು ಅಲ್ಲ, ಬೇಕೆಂದೇ. ಅವನಿಗೂ ಒಂದು ದಿನ ನನ್ನ ಕಡೆ ಒಬ್ಬರನ್ನು ಕಳಿಸಬೇಕು ಅನಿಸೀತು ಎಂದುಕೊಂಡಿದ್ದೆ.

ಅಂದೇ ಮಧ್ಯಾಹ್ನ ಅವನೇ ಗಾಜಿನ ಬಾಗಿಲು ತಳ್ಳಿಕೊಂಡು ಬಂದ. ಖುಷಿಯಾಗಿ ಎದ್ದು ಸ್ಟೂಲು ಎಳೆದೆ. ಅವನು ಕೂರಲಿಲ್ಲ.

"ಅಕ್ಕಾರ, ಗಿರಾಕಿನ್ನೆಲ್ಲ ನನ್ ಕಡೆ ಕಳಸಾಕತ್ತೀರಿ. ಅಂಗಡಿ ಬಿಡಾಕತ್ತೀರೇನ್ರೀ? ಬಿಡೋದಾದ್ರ ಬ್ಯಾರೇದವ್ರಿಗೆ ಮಾತು ಕೊಡಬ್ಯಾಡ್ರಿ, ಮೊದಲ ನನಗ ಹೇಳ್ರಿ. ನಡುವಿನ ಗ್ವಾಡಿ ತೆಗದು ಎರಡೂ ಕೂಡಿಸ್ತೀನಿ."

"ಇಲ್ಲಪ್ಪ, ಬಿಡಾಕತ್ತಿಲ್ಲ" ಎಂದೆ.

ಅವನು ತಲೆಯಾಡಿಸಿದ. ಹೋಗುವ ಮುನ್ನ ನನ್ನ ಅಂಗಡಿಯನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ಕಣ್ಣಲ್ಲೇ ಒಮ್ಮೆ ಅಳೆದ.